ಏಳು ಅಜ್ಜಂದಿರ ಹೆಸರು: ಆಲ್ಮಾಟಿಯಲ್ಲಿ ನಾನು ವಂಶಾವಳಿ ಬರೆದದ್ದು

ಕಜಕಿಸ್ತಾನದ ಆಲ್ಮಾಟಿಗೆ ನಾನು ಹೋಗಿದ್ದು ಎಂಬಿಬಿಎಸ್ ಓದೋಕೆ. ವಂಶಾವಳಿ ಬರೆಯೋ ಹುಚ್ಚು ಹಿಡಿಸಿದ್ದು ಕೆಳಗಿನ ಮನೆಯ ಅಜ್ಜಿ. ಕಜಖ್ ಭಾಷೆಯಲ್ಲಿ ಅಜ್ಜಿಗೆ 'ಅಝೆ' ಅಂತಾರೆ, ನನ್ನ ಕಿವಿಗೆ ಅದು ಅಜ್ಜಿ ಅಂತಲೇ ಬೀಳೋದು. ಮೊದಲ ಸಲ ಚಹಾಕ್ಕೆ ಕರೆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಏಳು ತಲೆಮಾರಿನ ಹೆಸರು ಹೇಳಪ್ಪಾ. ನನಗೆ ಮೂರರ ಮೇಲೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಎಂಟು ವರ್ಷದ ಮೊಮ್ಮಗ ತನ್ನ ಏಳನ್ನೂ ಮಗ್ಗಿ ಥರ ಒಪ್ಪಿಸಿಬಿಟ್ಟ.

ಅವರು ಇದನ್ನ 'ಝೆತಿ ಅತಾ' ಅಂತಾರೆ, ಏಳು ಅಜ್ಜಂದಿರು ಅಂತ. ತಂದೆಯ ಕಡೆಯಿಂದ ಏಳು ತಲೆಮಾರಿನ ಒಳಗೆ ಮದುವೆ ಇಲ್ಲ. ನಮ್ಮಲ್ಲಿ ಒಂದೇ ಬೆಡಗಿನವರು ಕೊಟ್ಟು ತಗೊಳ್ಳಲ್ವಲ್ಲ, ಹೆಚ್ಚು ಕಡಿಮೆ ಹಾಗೆ. ನಮ್ಮೂರಲ್ಲಿ ಹೆಳವರು ಬಂದು ಮನೆತನದ ಹೆಸರು ಓದಿ ಕಾಳು ತಗೊಂಡು ಹೋಗ್ತಿದ್ದರು, ನಾವು ಸುಮ್ನೆ ಕೇಳ್ತಾ ಕೂತಿರ್ತಿದ್ದೆವು. ಇಲ್ಲಿ ಹೆಳವನ ಕೆಲಸ ಮನೆಯ ಹುಡುಗನದೇ.

ಒಂದು ಡ್ರಾಯಿಂಗ್ ಹಾಳೆ, ಪೆನ್ಸಿಲ್, ರಬ್ಬರ್ ತಗೊಂಡು ಪರಿಚಯದವರ ವಂಶಾವಳಿ ಬರೆಯೋಕೆ ಶುರು ಮಾಡಿದೆ. ಮೊದಲು 'ನೀವು ಯಾವ ಝೂಜ್?' ಅಂತ ನೇರವಾಗಿ ಕೇಳ್ತಿದ್ದೆ. ಅದು ತಪ್ಪು. ಉಲಿ, ಓರ್ತಾ, ಕಿಶಿ ಅಂತ ಮೂರು ಝೂಜ್, ಅಂದರೆ ಹಿರಿಯ, ನಡುವಿನ, ಕಿರಿಯ ಗುಂಪುಗಳು. ಒಂದೊಂದರಲ್ಲಿ ಹಲವು ಬುಡಕಟ್ಟುಗಳು. ಆದರೆ ನಗರದವರ ಮುಂದೆ ಹೀಗೆ ಕೇಳಿದರೆ ಬಸ್ಸಿನಲ್ಲಿ ಪಕ್ಕದವರ ಜಾತಿ ಕೇಳಿದ ಹಾಗೆ, ಮುಖ ಗಂಟಾಗುತ್ತೆ, 'ನಾವೆಲ್ಲ ಕಜಖರೇ' ಅನ್ನೋ ಉತ್ತರ ಬರುತ್ತೆ. ಆಮೇಲೆ ನಿಮ್ಮಜ್ಜ ಚಳಿಗಾಲದಲ್ಲಿ ಕುರಿ ಎಲ್ಲಿ ನಿಲ್ಲಿಸ್ತಿದ್ದರು ಅಂತ ಕೇಳೋದು ರೂಢಿ ಮಾಡಿಕೊಂಡೆ. ಅಲ್ಲಿಂದ ಹೆಸರುಗಳು ತಾವಾಗೇ ಬರ್ತಿದ್ದವು.

ಇನ್ನೊಂದು ತೊಡಕು ಸೊಸೆಯಂದಿರದು. ಹಳೆ ಕಾಲದ ಸೊಸೆ ಗಂಡನ ಕಡೆಯ ಹಿರಿಯರ ಹೆಸರನ್ನ ಬಾಯಲ್ಲಿ ಹೇಳೋ ಹಾಗಿಲ್ಲ. ನಮ್ಮ ಕಡೆ ಗಂಡನ ಹೆಸರಿಗೆ ಒಡಪು ಹಾಕ್ತಾರಲ್ಲ, ಇಲ್ಲಿ ಹೆಸರಿಗೆ ಬದಲು ಅಡ್ಡಹೆಸರು ಇಟ್ಟುಕೊಳ್ತಾರೆ. ಅಜ್ಜಿ ಮಾವನ ಚೌಕದ ಹತ್ತಿರ ಬಂದಾಗ ತುಟಿ ಬಿಗಿ ಹಿಡಿದು ಮೊಮ್ಮಗನಿಗೆ ಕಣ್ಸನ್ನೆ ಮಾಡಿದರು. ಅವನು ಹೇಳಿದ, ನಾನು ಬರೆದೆ.

ಅವರ ತವರು ನೈಮನ್ ಬುಡಕಟ್ಟು, ಅಯಾಗೋಜ್ ಕಡೆಯವರು. ಒಂದು ದಿನ ತಗಡಿನ ಡಬ್ಬಿಯಿಂದ ಅವರಜ್ಜನ ಕಾಲದ ರಷ್ಯನ್ ಕಾಗದ ತೆಗೆದರು. ಅದರಲ್ಲಿ 'ಕಿರ್ಗಿಜ್' ಅಂತ ಇತ್ತು. ನಾನು ಭಾರಿ ಏನೋ ಸಿಕ್ಕಿತು ಅಂದುಕೊಂಡು ಹಾಳೆ ಮೇಲೆ 'ಅಜ್ಜ ಕಿರ್ಗಿಜ್' ಅಂತ ಬರೆದೆ. ಅಜ್ಜಿ ಏನೂ ಅನ್ನದೆ ನನ್ನ ಕೈಯಿಂದ ರಬ್ಬರ್ ಕಿತ್ತುಕೊಂಡು, ಹಾಳೆ ಹರಿಯೋ ಹಾಗೆ ಉಜ್ಜಿ ಅಳಿಸಿದರು. ಆಮೇಲೆ ಗೊತ್ತಾಯ್ತು. ರಷ್ಯನ್ ಭಾಷೆಯಲ್ಲಿ 'ಕಜಾಕ್' ಅಂದರೆ ಅವರದೇ ಕುದುರೆ ಸವಾರರ ಪಡೆ, ಕೊಸಾಕರು. ಗೊಂದಲ ಬೇಡ ಅಂತ ಇವರನ್ನ ಕಿರ್ಗಿಜ್ ಅಂತ ಬರೆದುಕೊಂಡರು. ನಿಜವಾದ ಕಿರ್ಗಿಜರಿಗೆ 'ಕರಾ ಕಿರ್ಗಿಜ್' ಅಂತ ಹೆಸರಿಟ್ಟರು! 1920ರಲ್ಲಿ ಸೋವಿಯತ್ ಒಳಗೆ ಆದ ಗಣರಾಜ್ಯಕ್ಕೂ ಕಿರ್ಗಿಜ್ ಅಂತಲೇ ಹೆಸರು, 1925ರಲ್ಲಷ್ಟೇ ಅದು ಬದಲಾಯ್ತು. ಆದರೆ ಈ ಜನ ತಮ್ಮನ್ನ ಕರೆದುಕೊಳ್ತಿದ್ದದ್ದು ಕಜಖ್ ಅಂತಲೇ. ಕೆರೆಯ್, ಝಾನಿಬೆಕ್ ಅನ್ನೋ ಇಬ್ಬರು 1460ರ ದಶಕದಲ್ಲಿ ಉಜ್ಬೆಕ್ ಅಲೆಮಾರಿಗಳ ದೊರೆ ಅಬುಲ್‌ಖೈರ್ ಖಾನನ ಹಿಡಿತ ಬಿಟ್ಟು ಬಂದಾಗ ಜೊತೆಗೆ ಬಂದವರಿಗೆ ಅಂಟಿದ ಹೆಸರದು. ಯಾರ ಕೈಗೂ ಸಿಗದೆ ತಿರುಗೋರು ಅಂತ ಅರ್ಥ. 1913ರಲ್ಲಿ ಇವರ ಸಾಹಿತಿ ಬೈತುರ್ಸಿನೋವ್ ಪತ್ರಿಕೆ ಶುರು ಮಾಡಿದಾಗ ಅದಕ್ಕಿಟ್ಟ ಹೆಸರೂ 'ಕಜಖ್'.

ಹತ್ತಾರು ಹಾಳೆ ಆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೇಲಿನ ಸಾಲುಗಳು ತುಂಬಿರ್ತಿದ್ದವು, ಅಜ್ಜನ ತಲೆಮಾರಿಗೆ ಬಂದಾಗ ತೂತು. ಅಜ್ಜಿಯ ಹಾಳೆಯಲ್ಲೂ ಅಷ್ಟೇ. ಅವರಪ್ಪನ ಒಡಹುಟ್ಟಿದವರು ನಾಲ್ಕು ಜನ, ನಾಲ್ಕೂ ಹೆಸರಿನ ಮುಂದೆ 1932. ಕೆಳಗೆ ಯಾರೂ ಇಲ್ಲ. ಅಜ್ಜಿ ಒಂದೇ ಮಾತು ಹೇಳಿದರು: 'ಅಶಾರ್ಷಿಲಿಕ್'. ಬರ. ಅದು ಮಳೆಯಿಲ್ಲದೆ ಬಂದ ಬರ ಅಲ್ಲ. ದನಕರು ಕಿತ್ತುಕೊಂಡು ಅಲೆಮಾರಿಗಳನ್ನ ಒಂದು ಕಡೆ ಕೂರಿಸೋಕೆ ಹೋಗಿ ಸರ್ಕಾರವೇ ತಂದದ್ದು. 1931ರಿಂದ 33ರ ತನಕ ಸುಮಾರು 15 ಲಕ್ಷ ಜನ ಸತ್ತರು ಅಂತ ಅಂದಾಜು, ಬಹುಪಾಲು ಕಜಖರು. ಲಕ್ಷಾಂತರ ಜನ ಗಡಿ ದಾಟಿದರು. ಮೇಲಿಂದ ಕೊರಿಯನ್ನರು, ಜರ್ಮನ್ನರು, ಚೆಚೆನ್ನರನ್ನ ಗಡೀಪಾರು ಮಾಡಿ ಇಲ್ಲಿಗೆ ತಂದು ಹಾಕಿದರು, 1954ರಿಂದ ಬೀಳುಭೂಮಿ ಉಳೋಕೆ ಹೊರಗಿನವರು ಬಂದರು. 1959ರ ಜನಗಣತಿ ಹೊತ್ತಿಗೆ ಕಜಖರು ತಮ್ಮ ನೆಲದಲ್ಲೇ ನೂರಕ್ಕೆ 30. ಈಗ 2021ರ ಲೆಕ್ಕದಲ್ಲಿ 70. ನನಗನ್ನಿಸೋದು, ಏಳು ಹೆಸರಿನ ಬಗ್ಗೆ ಇವರಿಗೆ ಅಷ್ಟೊಂದು ಹಟ ಇರೋದು ಈ ತೂತಿನಿಂದಲೇ.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಹಾಳೆ ತುಂಬಿಸೋಕೆ ಒಪ್ಪಲೇ ಇಲ್ಲ. ಮನೆಯಲ್ಲಿ ಬರೀ ರಷ್ಯನ್ ಆಡೋದು, ಜನ 'ಶಾಲಾ ಕಜಖ್' ಅಂತಾರೆ ಅಂದಳು. ನಮ್ಮ ಶಾಲೆ ಅಲ್ಲ ಇದು, ಅರೆಬರೆ ಅಂತ. ಸುಮ್ಮನಾದೆ.

ಕೊನೆಯ ಹಾಳೆ ಚೀನಾದ ಶಿಂಜಿಯಾಂಗ್‌ನಿಂದ 90ರ ದಶಕದಲ್ಲಿ ಮರಳಿ ಬಂದ ತಾತನದು. ಅವರ ಹತ್ತಿರ ಮೊದಲೇ ಬರೆದ ಶೆಜಿರೆ ಇತ್ತು, ವಂಶಾವಳಿಗೆ ಅವರ ಮಾತು ಅದು. ಒಂದು ತೂತೂ ಇಲ್ಲ. ಆದರೆ ಇದ್ದದ್ದು ಅರಬ್ಬಿ ಅಕ್ಷರದಲ್ಲಿ. ಈ ಕಡೆ 1929ರಲ್ಲಿ ಲ್ಯಾಟಿನ್, 1940ರಲ್ಲಿ ರಷ್ಯನ್ನರ ಲಿಪಿ ಸಿರಿಲಿಕ್ ಆಗಿ, ನಮ್ಮ ಬಿಲ್ಡಿಂಗಿನ ಒಬ್ಬ ಕಜಖನಿಗೂ ಅದನ್ನ ಓದೋಕೆ ಬರ್ತಿರಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ನನ್ನ ಪೆನ್ಸಿಲ್ ತಗೊಂಡರು. ತಾತ ಒಂದೊಂದೇ ಹೆಸರು ಓದಿದರು, ಅಜ್ಜಿ ಸಿರಿಲಿಕ್‌ನಲ್ಲಿ ಬರೆದುಕೊಂಡರು. ನಾನು ಮೂರು ಸಲ ಚಹಾ ಬಿಸಿ ಮಾಡಿದೆ.