ಕಲಬುರಗಿಯ ಮಾಳಿಗೆ ಮೇಲೆ ಉಚಿತ ಟಿವಿ: ಆಂಟೆನಾ ಆರಿಸಿ ಕೂರಿಸುವ ಬಗೆ

ತಿಂಗಳ ರೀಚಾರ್ಜ್ ಇಲ್ಲದೆ ಟಿವಿ ನೋಡಬೇಕು, ಮನೆ ಮೇಲೆ ಯಾವ ಆಂಟೆನಾ ಹಾಕಲಿ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಒಂದೇ: ಅಲ್ಯೂಮಿನಿಯಂ ಕಡ್ಡಿಗಳ ಯಾಗಿ ಆಂಟೆನಾಕ್ಕೆ ದುಡ್ಡು ಹಾಕಬೇಡಿ. ನೆಲದ ಟವರಿನಿಂದ ಬರುತ್ತಿದ್ದ ಅನಲಾಗ್ ಪ್ರಸಾರವನ್ನು ದೂರದರ್ಶನ 2022ರ ಹೊತ್ತಿಗೆ ದೇಶದಲ್ಲಿ ಬಹುಪಾಲು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಡಿಜಿಟಲ್ ಪ್ರಸಾರ, ಅಂದರೆ ಡಿವಿಬಿ-ಟಿ2, 2016ರಲ್ಲಿ ಶುರುವಾದ 16 ನಗರಗಳಲ್ಲಿ ಕರ್ನಾಟಕದ ಪಾಲಿಗಿದ್ದದ್ದು ಬೆಂಗಳೂರು ಮಾತ್ರ. ಬೆಂಗಳೂರಿನಿಂದ ಕಲಬುರಗಿಗೆ ನೇರ ಗೆರೆ ಎಳೆದರೂ 480 ಕಿ.ಮೀ. ಮೀರುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ "200 ಮೈಲಿ ರೇಂಜ್" ಎಂದು ಬರೆದ ಬೂಸ್ಟರ್ ಆಂಟೆನಾಗಳು ಕಣ್ಣಿಗೆ ಬೀಳುತ್ತವೆ. ಟಿವಿ ತರಂಗ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುತ್ತದೆ, ಭೂಮಿ ಬಾಗಿದೆ. ಟವರ್ 150 ಮೀಟರ್, ನಿಮ್ಮ ಆಂಟೆನಾ 10 ಮೀಟರ್ ಎತ್ತರದಲ್ಲಿದ್ದರೆ ಎರಡೂ ಒಂದನ್ನೊಂದು "ನೋಡುವ" ಅಂತರ ಸುಮಾರು 63 ಕಿ.ಮೀ. ಬೀದರಿನವರು ಹೈದರಾಬಾದ್ ಹತ್ತಿರವಿದೆಯಲ್ಲ ಎನ್ನುತ್ತಾರೆ. ಅದೂ ನೇರ ಅಂತರದಲ್ಲಿ ಸುಮಾರು 120 ಕಿ.ಮೀ. ಬೂಸ್ಟರ್ ಇರುವ ಸಿಗ್ನಲ್ ಅನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ಈ ಸೀಮೆಗೆ ಉಚಿತ ಟಿವಿ ಮೇಲಿನಿಂದಲೇ, ಅಂದರೆ ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನಿಂದ, ಬರಬೇಕು. ಉಪಗ್ರಹದಿಂದ ಟಿವಿ ಬರುವುದು ಇಲ್ಲಿಗೆ ಹೊಸ ಸಂಗತಿಯೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಸೈಟ್ ಎಂಬ ಉಪಗ್ರಹ ಶಿಕ್ಷಣ ಟಿವಿ ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ಬಿಜಾಪುರ. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. 860 ಮೆಗಾಹರ್ಟ್ಸ್‌ನ ಆ ಸಿಗ್ನಲ್ ಹಿಡಿಯಲು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ, 3 ಮೀಟರ್ ಅಗಲದ ಛತ್ರಿ (ಡಿಶ್ ಆಂಟೆನಾ) ಬೇಕಾಗಿತ್ತು. ಈಗ 60 ಸೆಂಟಿಮೀಟರ್ ಸಾಕು. ತರಂಗ ಚಿಕ್ಕದಾದಷ್ಟೂ ಅಷ್ಟೇ ಅಗಲದ ಛತ್ರಿ ಹೆಚ್ಚು ಚೊಕ್ಕವಾಗಿ ಗುರಿಯಿಡುತ್ತದೆ. ಡಿಡಿ ಫ್ರೀ ಡಿಶ್ ಬಳಸುವ ಕೆಯು ಬ್ಯಾಂಡ್ ಎಂಬ ಆವರ್ತನ ಶ್ರೇಣಿಯ ತರಂಗದ ಉದ್ದ ಬರೀ 27 ಮಿಲಿಮೀಟರ್.

2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದ ಈ ಸೇವೆ ಈಗ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ ಬರುತ್ತದೆ. ಚಂದನ, ದೂರದರ್ಶನದ ಉಳಿದ ಚಾನೆಲ್‌ಗಳು, ಆಕಾಶವಾಣಿ, ಶಾಲಾ ಪಾಠದ ಚಾನೆಲ್‌ಗಳು ಸಿಗುತ್ತವೆ. ಖಾಸಗಿ ಚಾನೆಲ್‌ಗಳ ಪಟ್ಟಿ ಜಾಗದ ಹರಾಜಿನಿಂದ ಹರಾಜಿಗೆ ಬದಲಾಗುತ್ತದೆ, ಒಂದು ಖಾಸಗಿ ಚಾನೆಲ್ ನಂಬಿಕೊಂಡು ಛತ್ರಿ ಹಾಕಿಸಬೇಡಿ.

ಇನ್ನು ಅಳತೆ. 60 ಸೆಂ.ಮೀ. ಛತ್ರಿಗಿಂತ 75ರದು ಸುಮಾರು 2 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ), 90ರದು 3.5 ಡಿಬಿ ಹೆಚ್ಚು ಹಿಡಿಯುತ್ತದೆ. ಮಳೆಗಾಲದಲ್ಲಿ ಆ ಹೆಚ್ಚುವರಿ ಉಪಯೋಗಕ್ಕೆ ಬರುತ್ತದೆ ನಿಜ, ಆದರೆ ಗಾಳಿಯ ಲೆಕ್ಕವನ್ನೂ ಹಾಕಬೇಕು. ಗಂಟೆಗೆ 100 ಕಿ.ಮೀ. ಗಾಳಿ ಎದುರಿಗೆ ಬಡಿದರೆ 60ರ ಛತ್ರಿ ಮೇಲೆ ಸುಮಾರು 16 ಕೆಜಿ ಭಾರದಷ್ಟು ಒತ್ತಡ. 90ರ ಮೇಲೆ 36 ಕೆಜಿಯಷ್ಟು. ಮುಂಗಾರಿನ ಮೊದಲು ನಮ್ಮ ಬಯಲಲ್ಲಿ ಏಳುವ ಬಿರುಗಾಳಿಗೆ ದೊಡ್ಡ ಛತ್ರಿ ಒಂದೆರಡು ಡಿಗ್ರಿ ತಿರುಗಿತೆಂದರೆ ಗಳಿಸಿದ ಡಿಬಿ ಎಲ್ಲ ಹೋಯಿತು. ಮನೆಗೆ ನಾನು ಆರಿಸುವುದು 60ರಿಂದ 65 ಸೆಂ.ಮೀ.ನ ಉಕ್ಕಿನ ಆಫ್‌ಸೆಟ್ ಛತ್ರಿ, ಅಂದರೆ ಸಿಗ್ನಲ್ ಹಿಡಿಯುವ ತುದಿ ನಡುವೆ ಇರದೆ ಕೆಳಕ್ಕೆ ಸರಿದಿರುವುದು. ಒಂದೇ ಛತ್ರಿಯಿಂದ ಹಲವು ಟಿವಿಗೆ ಕೊಡುವ ಶಾಲೆ, ಹಾಸ್ಟೆಲ್‌ಗಳಿಗೆ ಮಾತ್ರ 90. ಕೊಳ್ಳುವಾಗ ಅಂಚಿನ ಮೇಲೆ ಎರಡು ದಾರ ಅಡ್ಡಡ್ಡ ಬಿಗಿಹಿಡಿದು ನೋಡಿ: ನಡುವೆ ಎರಡೂ ದಾರ ಒಂದಕ್ಕೊಂದು ತಾಗಬೇಕು. ತಾಗದಿದ್ದರೆ ಛತ್ರಿ ತಿರುಚಿದೆ. ಹಳೆಯ ಡಿಟಿಎಚ್ ಛತ್ರಿ ಸೊಟ್ಟಗಾಗದೆ ಇದ್ದರೆ ಧಾರಾಳವಾಗಿ ಬಳಸಬಹುದು. ಎಲ್‌ಎನ್‌ಬಿ, ಅಂದರೆ ಛತ್ರಿಯ ಮುಂದಿನ ಕೋಲಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿದು ಕೇಬಲ್ಲಿಗೆ ಕಳಿಸುವ ಸಾಧನ, ಮಾತ್ರ ಹೊಸದಿರಲಿ. ಮೇಲೆ "ಯೂನಿವರ್ಸಲ್, 9750/10600" ಎಂದು ಅಚ್ಚಾಗಿರಬೇಕು. ಸೆಟ್-ಟಾಪ್ ಬಾಕ್ಸ್ ಕೊಳ್ಳುವುದಾದರೆ ಎಂಪೆಗ್-4 (ಚಿತ್ರ ಕುಗ್ಗಿಸುವ ಹೊಸ ಬಗೆ), ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಹೊಸ ಬಗೆ) ಎರಡೂ ಇರುವುದು. ಬರೀ ಎಂಪೆಗ್-2 ಬಾಕ್ಸ್ ಅಗ್ಗ, ಆದರೆ ಹಲವು ಚಾನೆಲ್‌ಗಳಿಗೆ ಕುರುಡು. ಕೆಲವು ಹೊಸ ಟಿವಿಗಳಲ್ಲಿ ಸ್ಯಾಟಲೈಟ್ ಟ್ಯೂನರ್ ಒಳಗೇ ಇರುತ್ತದೆ, ಬಾಕ್ಸ್ ಕೊಳ್ಳುವ ಮೊದಲು ಟಿವಿಯ ಹಿಂಭಾಗ ನೋಡಿ.

ದಿಕ್ಕಿನ ವಿಷಯದಲ್ಲಿ ಕಲಬುರಗಿಯವರು ಅದೃಷ್ಟವಂತರು. ಇಲ್ಲಿಂದ ಜಿಸ್ಯಾಟ್-15 ಇರುವುದು ಉತ್ತರದಿಂದ ಬಲಕ್ಕೆ ಎಣಿಸಿ 135 ಡಿಗ್ರಿಗೆ, ಅಂದರೆ ಸರಿಯಾಗಿ ಆಗ್ನೇಯ. ದಿಗಂತದಿಂದ ಮೇಲಕ್ಕೆ ಎತ್ತರ 62 ಡಿಗ್ರಿ. ಬೀದರಿಗೆ ದಿಕ್ಕು 137, ಎತ್ತರ 62, ಯಾದಗಿರಿಗೆ 134.5 ಮತ್ತು 63. ಫೋನಿನ ದಿಕ್ಸೂಚಿ ನೋಡುವಾಗ ಕಬ್ಬಿಣದ ಪೈಪು, ನೀರಿನ ಮೋಟಾರು, ಕಾಲಂನಿಂದ ಮೇಲೆದ್ದ ಸರಳುಗಳಿಂದ ಎರಡು ಮೀಟರ್ ದೂರ ನಿಲ್ಲಿ.

62 ಡಿಗ್ರಿ ಎಂದರೆ ಬಹಳ ಮೇಲೆ. ಇಕ್ಕಟ್ಟಾದ ಹಳೇ ಓಣಿಗಳಿಗೆ ಇದು ದೊಡ್ಡ ಅನುಕೂಲ. ಆಗ್ನೇಯಕ್ಕಿರುವ ಪಕ್ಕದ ಮನೆಯ ಗೋಡೆ ನಿಮ್ಮ ಛತ್ರಿಗಿಂತ 3 ಮೀಟರ್ ಎತ್ತರವಿದ್ದರೂ 1.6 ಮೀಟರ್ ಆಚೆ ಇದ್ದರೆ ಅಡ್ಡಿಯಿಲ್ಲ. ನಾನು 2 ಮೀಟರ್ ಬಿಡುತ್ತೇನೆ. ಅಡ್ಡದ ಎತ್ತರವನ್ನು 1.9ರಿಂದ ಭಾಗಿಸಿದರೆ ಬೇಕಾದ ಕನಿಷ್ಠ ದೂರ ಸಿಗುತ್ತದೆ. ಬೇವಿನ ಮರವಿದ್ದರೆ ಚಿಗುರಿ ದಟ್ಟವಾದಾಗಿನ ಹರವನ್ನು ಲೆಕ್ಕಕ್ಕೆ ಹಿಡಿಯಿರಿ. ಒದ್ದೆ ಎಲೆ ಕೆಯು ಬ್ಯಾಂಡನ್ನು ಗೋಡೆಯಂತೆಯೇ ತಡೆಯುತ್ತದೆ.

ಇದನ್ನು ಸೂರ್ಯನಿಂದಲೇ ಪರೀಕ್ಷಿಸುವ ದಾರಿಯೊಂದಿದೆ. ವರ್ಷಕ್ಕೆರಡು ಬಾರಿ, ಮಾರ್ಚ್ 13ರ ಆಸುಪಾಸು ಬೆಳಿಗ್ಗೆ 11.15ಕ್ಕೆ ಮತ್ತು ಅಕ್ಟೋಬರ್ 1ರ ಆಸುಪಾಸು 10.55ಕ್ಕೆ, ಕಲಬುರಗಿಯಿಂದ ನೋಡಿದರೆ ಸೂರ್ಯ ಈ ಉಪಗ್ರಹದ ಬೆನ್ನ ಹಿಂದೆಯೇ ಇರುತ್ತಾನೆ. ಆ ಹೊತ್ತಿಗೆ ಮಾಳಿಗೆಯ ಯಾವ ಜಾಗಕ್ಕೆ ಬಿಸಿಲು ಬೀಳುತ್ತದೋ ಅಲ್ಲಿಗೆ ಸಿಗ್ನಲ್ ಬಂತೆಂದೇ ಲೆಕ್ಕ, ನೆರಳಿದ್ದಲ್ಲಿ ಇಲ್ಲ. ಆ ದಿನಗಳಲ್ಲಿ ಅದೇ ಹೊತ್ತಿಗೆ ಚಿತ್ರ ಕೆಲವು ನಿಮಿಷ ಒಡೆದು ತಾನೇ ಸರಿಹೋಗುವುದೂ ಇದೇ ಕಾರಣಕ್ಕೆ. ಸ್ಪ್ಯಾನರ್ ಹಿಡಿದು ಮೇಲೆ ಹೋಗಬೇಡಿ.

ಈಗ ಕೂರಿಸುವುದು. ನೋಡಿದ ಬಹುತೇಕ ದೂರುಗಳ ಮೂಲ ಇಲ್ಲಿಯೇ. ಆರ್‌ಸಿಸಿ ಛತ್ತಾದರೆ 10 ಎಂಎಂ ಆಂಕರ್ ಬೋಲ್ಟ್ ನಾಲ್ಕು ಸಾಕು, ತೂತಿನ ಸುತ್ತ ನೀರುನಿರೋಧಕ ಹಚ್ಚಬೇಕು. ಪರ್ಸಿ ಕಲ್ಲು (ಶಹಾಬಾದಿನ ಹಾಸುಗಲ್ಲು) ಹಾಸಿ ಮೇಲೆ ಮಣ್ಣು ಬಡಿದ ಹಳೆ ಮಾಳಿಗೆಗೆ ಡ್ರಿಲ್ ಹಾಕಲೇಬಾರದು. ಶಹಾಬಾದ್ ಕಲ್ಲು ಪದರಪದರವಾಗಿ ಸೀಳುತ್ತದೆ, ಕೆಳಗೆ ಸೋರಿಕೆಯೂ ಶುರು. ಬೀದರಿನ ಕೆಂಪು ಜಂಬಿಟ್ಟಿಗೆ ಗೋಡೆಯಲ್ಲಿ ಆಂಕರ್ ಹಿಗ್ಗುವಾಗ ಕಲ್ಲೇ ಪುಡಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ನಾಲ್ಕೂವರೆ ಇಂಚಿನ ಇಟ್ಟಿಗೆಯ ಪ್ಯಾರಾಪೆಟ್ ಕೂಡ ಬೇಡ, ಗಾಳಿಗೆ ಅದೇ ನಡುಗುತ್ತದೆ.

ಇಂಥ ಕಡೆ ನಾನು ಬಳಸುವುದು ತೂಕದ ಪೀಠ. ಎರಡು ಅಡಿ ಚೌಕದ ಆಂಗಲ್ ಫ್ರೇಮಿನ ನಡುವೆ ಒಂದೂವರೆ ಇಂಚಿನ ಜಿಐ ಪೈಪನ್ನು ಮೂರಡಿಗಿಂತ ಎತ್ತರವಾಗದಂತೆ ವೆಲ್ಡ್ ಮಾಡಿಸಿ, ನಾಲ್ಕೂ ಕಡೆ ಓರೆ ಆಸರೆ ಕೊಡಿಸುತ್ತೇನೆ. ಫ್ರೇಮಿನ ಮೇಲೆ ಹೇರಲು ಶಹಾಬಾದ್ ಪರ್ಸಿಗಿಂತ ಒಳ್ಳೆಯ ವಸ್ತು ಇಲ್ಲಿ ಸಿಗದು: ಎರಡಡಿ ಚೌಕ, ಒಂದಿಂಚು ದಪ್ಪದ ಕಲ್ಲು ಸುಮಾರು 24 ಕೆಜಿ ತೂಗುತ್ತದೆ. ಪೈಪಿಗೆ ಅಡ್ಡವಾಗದಂತೆ ಒಂದೊಂದನ್ನೂ ಎರಡು ಹೋಳು ಮಾಡಿಸಿ ಎರಡೂ ಬದಿಗೆ ಹೇರಬೇಕು. 60ರ ಛತ್ರಿಗೆ ಎರಡು ಕಲ್ಲು, 90ಕ್ಕೆ ನಾಲ್ಕು. ಮರಳು ತುಂಬಿದ ಪ್ಲಾಸ್ಟಿಕ್ ಚೀಲ ನಮ್ಮ ಬಿಸಿಲಿಗೆ ಒಂದು ಬೇಸಿಗೆಯಲ್ಲೇ ಹರಿದುಹೋಗುತ್ತದೆ. ಹಳೆ ಮಣ್ಣಿನ ಮಾಳಿಗೆಯಾದರೆ ತೂಕವನ್ನು ತೊಲೆಗಳ ನಡುವೆ ಇಡದೆ ಗೋಡೆಯ ನೆತ್ತಿಯ ಮೇಲೆ ಬರುವಂತೆ ಇಡಿ.

ಪೈಪು ನೆಟ್ಟಗಿರಬೇಕು. ತೂಗುಗುಂಡು ಬಿಟ್ಟು ಎರಡು ಪಕ್ಕದಿಂದ ನೋಡಿ. ಪೈಪು ವಾಲಿದ್ದರೆ ಛತ್ರಿಯನ್ನು ಎಡಬಲ ತಿರುಗಿಸುವಾಗ ಎತ್ತರವೂ ಜತೆಗೇ ಬದಲಾಗಿ, ಇಡೀ ದಿನ ತಿರುಗಿಸಿದರೂ ಉಪಗ್ರಹ ಸಿಗುವುದಿಲ್ಲ.

ಆಫ್‌ಸೆಟ್ ಛತ್ರಿಯ ಮುಖ ಉಪಗ್ರಹದ ಕಡೆಗೇ ನೋಡುವುದಿಲ್ಲ, ಸುಮಾರು 24 ಡಿಗ್ರಿ ಕೆಳಗೆ ನೋಡುತ್ತದೆ. ಬ್ರಾಕೆಟ್ಟಿನ ಅಳತೆಪಟ್ಟಿ ಇದನ್ನು ಕಳೆದೇ ಅಚ್ಚಾಗಿದ್ದರೆ 62ಕ್ಕೆ ಇಡಿ. ಪಟ್ಟಿ ಇಲ್ಲದಿದ್ದರೆ ಅಂಚಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ಹಲಗೆ ಇಟ್ಟು ಫೋನಿನ ಕೋನಮಾಪಕದಿಂದ ನೋಡಿ: ಹಲಗೆ ನೆಟ್ಟಗಿನ ಗೆರೆಯಿಂದ ಸುಮಾರು 38 ಡಿಗ್ರಿ ಹಿಂದಕ್ಕೆ ಒರಗಿರಬೇಕು.

ಎಲ್‌ಎನ್‌ಬಿ ತಿರುವನ್ನು ಹೆಚ್ಚಿನವರು ಮರೆಯುತ್ತಾರೆ. ಉಪಗ್ರಹ ನಮ್ಮ ರೇಖಾಂಶದಿಂದ ಪೂರ್ವಕ್ಕೆ ಸರಿದಿರುವುದರಿಂದ ಅದರ "ನೆಟ್ಟಗಿನ" ತರಂಗ ನಮಗೆ ಓರೆಯಾಗಿ ಬರುತ್ತದೆ; ಕಲಬುರಗಿಗೆ ಲೆಕ್ಕದ ಓರೆ ಸುಮಾರು 43 ಡಿಗ್ರಿ. ಛತ್ರಿಯ ಹಿಂದೆ ನಿಂತು ಆಗ್ನೇಯಕ್ಕೆ ಮುಖ ಮಾಡಿ, ಗಡಿಯಾರದ 6ರ ಕಡೆಗಿರುವ ಕೇಬಲ್ ಮೂತಿಯನ್ನು ನಾಲ್ಕೂವರೆಯ ಕಡೆಗೆ ತಿರುಗಿಸಿ. ಅಲ್ಲಿಂದ ಕೊನೆಯ ಹೊಂದಿಕೆ. ನೆಟ್ಟಗೇ ಬಿಟ್ಟರೆ ಬೇಕಾದ ಸಿಗ್ನಲ್ ಅರ್ಧಕ್ಕಿಳಿಯುತ್ತದೆ, ಬೇಡದ ಅಡ್ಡ ತರಂಗ ಹೆಚ್ಚುಕಡಿಮೆ ಅಷ್ಟೇ ಒಳನುಗ್ಗುತ್ತದೆ. ಕೆಲವು ಚಾನೆಲ್ ಬಂದು ಕೆಲವು ಬರದಿರುವುದಕ್ಕೆ ಮೊದಲು ನೋಡಬೇಕಾದ ಜಾಗ ಇದು.

ಹುಡುಕಾಟಕ್ಕೆ ಬಾಕ್ಸಿನಲ್ಲಿ ಆವರ್ತನ 11090, ವರ್ಟಿಕಲ್ (ನೆಟ್ಟಗಿನ ತರಂಗ), ಸಿಂಬಲ್ ರೇಟ್ 29500 ಹಾಕಿಕೊಳ್ಳಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ನೋಡಬೇಡಿ, ಛತ್ರಿ ಗೋಡೆ ನೋಡುತ್ತಿದ್ದರೂ ಅದು ಏರಿರುತ್ತದೆ. ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಅದರಲ್ಲಿ ಸೇರಿದೆ. ಕಣ್ಣು ಕ್ವಾಲಿಟಿ ಮೇಲಿರಲಿ. 60ರ ಛತ್ರಿಯ ಗುರಿಯ ಅಗಲ ಸುಮಾರು 3 ಡಿಗ್ರಿ, ಅಂಚು ಒಂದು ಸೆಂಟಿಮೀಟರ್ ಸರಿದರೆ ಛತ್ರಿ ತಿರುಗುವುದು ಸುಮಾರು ಎರಡು ಡಿಗ್ರಿ. ಹಾಗಾಗಿ ಅರ್ಧ ಸೆಂಟಿಮೀಟರ್ ಸರಿಸಿ, ಬಾಕ್ಸ್ ಹಿಡಿದುಕೊಳ್ಳಲು ಎರಡು ಮೂರು ಸೆಕೆಂಡ್ ಕಾಯಿರಿ, ಮತ್ತೆ ಸರಿಸಿ. ಸಿಕ್ಕ ಮೇಲೆ ಎಡಕ್ಕೆ ಕ್ವಾಲಿಟಿ ಬೀಳುವಲ್ಲಿ ಪೈಪಿನ ಮೇಲೆ ಒಂದು ಗೆರೆ, ಬಲಕ್ಕೆ ಬೀಳುವಲ್ಲಿ ಇನ್ನೊಂದು, ನಡುವೆ ನಿಲ್ಲಿಸಿ. ಎತ್ತರಕ್ಕೂ ಹಾಗೇ, ಕೊನೆಗೆ ಎಲ್‌ಎನ್‌ಬಿ ತಿರುವಿಗೂ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಿರಿ, ಒಂದೇ ಬದಿ ಪೂರ್ತಿ ಬಿಗಿದರೆ ಛತ್ರಿ ಆ ಕಡೆ ಎಳೆಯುತ್ತದೆ.

ಇಲ್ಲೊಂದು ಎಚ್ಚರ. 95 ಡಿಗ್ರಿಯಲ್ಲಿ ಡಿಶ್ ಟಿವಿಯ ಉಪಗ್ರಹವಿದೆ. ಕಲಬುರಗಿಯಿಂದ ಅದು ನಮ್ಮ ಗುರಿಗಿಂತ ಎರಡೂವರೆ ಡಿಗ್ರಿ ಎಡಕ್ಕೆ, ಒಂದು ಡಿಗ್ರಿಗಿಂತ ತುಸು ಹೆಚ್ಚು ಕೆಳಗೆ. ಸ್ಕ್ಯಾನ್ ಮಾಡಿದಾಗ ಬೀಗ ಹಾಕಿದ ಚಾನೆಲ್‌ಗಳೇ ತುಂಬಿಕೊಂಡರೆ ತುಸು ಬಲಕ್ಕೆ, ತುಸು ಮೇಲಕ್ಕೆ ಬನ್ನಿ. ಚಂದನ ಮೂಡಿದರೆ ಸರಿಯಾದ ಜಾಗ. ನೆರೆಮನೆಯ ಛತ್ರಿ ನೋಡಿ ದಿಕ್ಕು ಹಿಡಿಯುವವರು ಇದನ್ನೂ ತಿಳಿದಿರಲಿ: ಟಾಟಾ ಪ್ಲೇ 83 ಡಿಗ್ರಿಯದು, ಇಲ್ಲಿಂದ ದಿಕ್ಕು 160; ಏರ್‌ಟೆಲ್ 108.2ರದು, ದಿಕ್ಕು 116. ಎರಡರ ನಡುವೆ ನಮ್ಮದು.

ಕೇಬಲ್ ಆರ್‌ಜಿ-6, 75 ಓಮ್. ಎಲ್‌ಎನ್‌ಬಿ ಕೆಳಕ್ಕೆ ಕಳಿಸುವ ಆವರ್ತನದಲ್ಲಿ 30 ಮೀಟರಿಗೆ ಸುಮಾರು 7 ಡಿಬಿ ಸೋರುತ್ತದೆ, ಎಲ್‌ಎನ್‌ಬಿ ಅದನ್ನು ತಾಳಿಕೊಳ್ಳುತ್ತದೆ; ನಡುವೆ ಜೋಡಣೆ ಮಾತ್ರ ಬೇಡ. ಎಫ್ ಕನೆಕ್ಟರ್ (ಕೇಬಲ್ ತುದಿಯ ತಿರುಪಿನ ಮೂತಿ) ಹಾಕುವಾಗ ಕೇಬಲ್ಲಿನ ಹೊರ ಹೆಣಿಗೆಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್: ಎಲ್‌ಎನ್‌ಬಿಗೆ ಬೇಕಾದ 13 ವೋಲ್ಟ್ ಮೇಲೆ ಹೋಗುವುದಿಲ್ಲ. ಎಲ್‌ಎನ್‌ಬಿ ಬಳಿ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಳುಕಿಸಿ ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಮೂತಿಗೆ ತನ್ನೊಳಗೇ ಬೆಸೆಯುವ ರಬ್ಬರ್ ಟೇಪ್ ಸುತ್ತಿ. ಸಾಮಾನ್ಯ ಇನ್ಸುಲೇಶನ್ ಟೇಪ್ ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ.

ಕೆಟ್ಟಾಗ ಹೊತ್ತು ನೋಡಿ ಕಾರಣ ಹೇಳಬಹುದು. ಜೋರು ಮಳೆಯಲ್ಲಿ ಹೋಗಿ ಮಳೆ ನಿಂತೊಡನೆ ಬಂದರೆ ಮೋಡದ ನೀರು ತಡೆದದ್ದು. ಸಣ್ಣ ಮಳೆಗೂ ಹೋಗುವುದಾದರೆ ಗುರಿ ಸಡಿಲವಾಗಿದೆ. ಮಳೆ ನಿಂತ ಮೇಲೂ ಬಾರದೆ, ಬಿಸಿಲು ಏರಿದ ಮೇಲೆ ಬಂದರೆ ಕನೆಕ್ಟರಿಗೋ ಎಲ್‌ಎನ್‌ಬಿ ಬಾಯಿಯ ಪ್ಲಾಸ್ಟಿಕ್ ಟೋಪಿಗೋ ನೀರಿಳಿದಿದೆ. ಟೋಪಿಯಲ್ಲಿ ಕೂದಲೆಳೆಯ ಬಿರುಕಿದ್ದರೂ ಎಲ್‌ಎನ್‌ಬಿ ಬದಲಿಸಿ. ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆದರೆ ಪೈಪಿನ ಬೋಲ್ಟ್. ಬೇಸಿಗೆಯ ಮಧ್ಯಾಹ್ನ ಮಾತ್ರ ಹೋಗಿ ಸಂಜೆ ಬಂದರೆ ಅಗ್ಗದ ಎಲ್‌ಎನ್‌ಬಿ ಬಿಸಿಗೆ ಸೋಲುತ್ತಿದೆ.

ಎರಡು ಟಿವಿ ಇದ್ದರೆ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಇಳಿಸಿ, ಒಂದರ ಬಾಕ್ಸ್ ಆಫ್ ಮಾಡಿದರೂ ಇನ್ನೊಂದು ನಡೆಯುತ್ತದೆ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತರೆ ಸಾಲದು, ಬಾಕ್ಸಿನ ಹಿಂದಿನ ಕೇಬಲ್ಲನ್ನೂ ಬಿಚ್ಚಿ. ಮಾಳಿಗೆಯ ಪೈಪಿನಿಂದ ದಪ್ಪ ತಾಮ್ರದ ತಂತಿಯನ್ನು ಮನೆಯ ಅರ್ತಿಂಗ್ ಗುಂಡಿಗೆ ಹೊರಗಿನಿಂದಲೇ, ಬಳುಕು ಕಡಿಮೆ ಇರುವ ದಾರಿಯಲ್ಲಿ ಇಳಿಸಿ ಕಟ್ಟಿಸಿರಿ.