ತಡಮೆಯ ಬಳಿ ಎರಡು ನಿಮಿಷ

ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಭಾನುವಾರ ನಮ್ಮ ಚರ್ಚಿನ ಸಭಾಪಾಲಕರು ಊರಲ್ಲಿ ಇಲ್ಲದಿದ್ದರೆ ಆರಾಧನೆಯ ಪ್ರಸಂಗ ನನ್ನ ಪಾಲಿಗೆ. ಒಳ್ಳೆಯ ಕನ್ನಡವೆಂದರೆ ನಮ್ಮ ಸಭೆಗಳಿಗೆ ಮೊದಲಿನಿಂದಲೂ ಮೋಹ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು, ಇವುಗಳ ಕಥೆ ಕೇಳುತ್ತಲೇ ಬೆಳೆದವರು ನಾವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆ ಮೋಹಕ್ಕೆ ಹಟವೂ ಕೂಡಿಕೊಂಡಿತು. ನಾನು ಪ್ರಸಂಗವನ್ನು ಬರೆದು, ಪ್ರಾಸ ಹೊಂದಿಸಿ, ಕನ್ನಡಿಯ ಮುಂದೆ ಓದಿ ಹೋಗುತ್ತಿದ್ದೆ. "ಎಂಥ ಕನ್ನಡ ಮಾಸ್ಟ್ರೇ!" ಎಂದು ಜನ ಕೈ ಹಿಡಿದು ಹೇಳುತ್ತಿದ್ದರು. ಯೇಸುವಿನ ಬಗ್ಗೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅದೊಂದು ಕೊರತೆಯೆಂದು ನನಗೆ ತೋರಲೇ ಇಲ್ಲ.

ಅಡಿಕೆ ಕೊಯ್ಯಲು ಮರವೇರುತ್ತಿದ್ದ ನೆರೆಯವರೊಬ್ಬರು ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಸಮಾಧಾನ ಹೇಳಲು ಹೋದೆ. ನೋವಿನ ಕುರಿತು ಹತ್ತು ನಿಮಿಷದ ಮಾತು ಬಾಯಲ್ಲಿ ಸಿದ್ಧವಿತ್ತು. ಮೂರನೆಯ ವಾಕ್ಯಕ್ಕೇ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಚಾವಡಿಯಲ್ಲಿ ಅವರ ಹೆಂಡತಿ ಬೀಡಿ ಎಲೆ ಕತ್ತರಿಸುತ್ತಿದ್ದರು. ಆ ಕತ್ತರಿಯ ಸದ್ದೊಂದೇ ಉಳಿಯಿತು.

ಆ ರಾತ್ರಿ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲನೆಯ ಪತ್ರದ ಎರಡನೆಯ ಅಧ್ಯಾಯ ತೆರೆದೆ. ಅಥೇನೆಯ (ಅಥೆನ್ಸ್) ಪಂಡಿತರೆದುರು ಅವರದೇ ಕವಿಗಳ ಸಾಲನ್ನು ಎತ್ತಿ ಮಾತಾಡಿದ್ದ ಪೌಲ, ಕೊರಿಂಥಕ್ಕೆ ಬಂದಾಗ ತಾನು ಬಲಹೀನನಾಗಿ ನಡುಗುತ್ತಿದ್ದೆ ಎನ್ನುತ್ತಾನೆ. ಕೇಳುವವರ ನಂಬಿಕೆ ಮನುಷ್ಯರ ಜ್ಞಾನವನ್ನು ಬಿಟ್ಟು ದೇವರ ಶಕ್ತಿಯನ್ನು ಆಧರಿಸಲಿ ಎಂಬುದು ಅವನ ಆಸೆ. ಅಲ್ಲಿ ಒಂದೂವರೆ ವರ್ಷ ಉಳಿದ. ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದು ಗುಡಾರ ಮಾಡುವ ಕೆಲಸ ಮಾಡಿದ. ಈ ಅಧ್ಯಾಯದ ಮೇಲೆ ನಾನೇ ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಆ ನಡುಕವನ್ನೂ ಆ ಒಂದೂವರೆ ವರ್ಷವನ್ನೂ ಒಮ್ಮೆಯೂ ಹೇಳಿರಲಿಲ್ಲ.

ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುವಾಗ ಜೊತೆಗೆ ಹೋಗತೊಡಗಿದೆ. ಮಲಗಿದಲ್ಲೇ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಮತ್ತು ಬೆನ್ನಿನ ಬುಡ ಕೆಂಪಾಗಿದೆಯೇ ನೋಡಬೇಕು ಎಂದು ಅವರೇ ಕಲಿಸಿದರು. ಧರ್ಮದ ಮಾತನ್ನು ನಾವಾಗಿ ಎತ್ತಬಾರದು ಎಂದೂ ಹೇಳಿದರು. ಅದು ನ್ಯಾಯವೇ. ಎದ್ದು ಹೋಗಲಾರದವರ ಮುಂದೆ ಪ್ರಸಂಗ ಮಾಡುವುದು ಬಲವಂತಕ್ಕೆ ಸಮ. ಸತ್ಯವೇದವನ್ನು ಮನೆಯಲ್ಲೇ ಇಟ್ಟು ಹೋಗುತ್ತಿದ್ದೆ.

ಮರದಿಂದ ಬಿದ್ದ ಆ ನೆರೆಯವರ ಮನೆಯಲ್ಲಿ ಹುಣ್ಣಿನ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಅವರ ತೋಟದ ಬೇಲಿ ದಾಟುವ ತಡಮೆಯ ಬಳಿ ಎರಡು ನಿಮಿಷ ನಿಂತು, "ಕರ್ತನೇ, ನನ್ನಲ್ಲಿ ಏನೂ ಇಲ್ಲ, ನೀನೇ ಬಾ" ಎಂದು ಕೇಳಿಕೊಂಡು ಒಳಗೆ ಕಾಲಿಡುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು, ಎರಡನೆಯ ವಾರಕ್ಕೇ ನೆಪ ಹುಡುಕುವವನು. ಏಳು ತಿಂಗಳು ಒಂದು ಗುರುವಾರವೂ ತಪ್ಪಲಿಲ್ಲ. ದೇವರ ಶಕ್ತಿಯನ್ನು ಎಲ್ಲಿ ಕಂಡೆ ಎಂದು ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ.

ಮಳೆಗಾಲದ ಒಂದು ಗುರುವಾರ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಡುತ್ತಿದ್ದೆ.

"ಮಾಸ್ಟ್ರೇ, ತಡಮೆಯ ಹತ್ತಿರ ಕೊಡೆ ಹಿಡಿದು ನಿಲ್ಲುತ್ತೀರಲ್ಲ, ಕಿಟಕಿಯಲ್ಲಿ ಕಾಣುತ್ತದೆ. ಯಾಕೆ?"

"ಒಳಗೆ ಬರಲು ಹೆದರಿಕೆ ಅಣ್ಣಾ. ಶಕ್ತಿ ಕೊಡು ಎಂದು ಕೇಳುತ್ತೇನೆ."

"ಯಾರ ಹತ್ತಿರ?"

ಅವರ ಮನೆಮಾತು ತುಳು. ನನಗೆ ಬರುವುದು ಅಂಗಡಿ, ಬಸ್ಸಿನ ತುಳು. ಪ್ರಸಂಗದ ಮಾತುಗಳು ಅದರಲ್ಲಿ ಇಲ್ಲ. ಅದರಲ್ಲೇ ಹೇಳಿದೆ. ಯೇಸುವನ್ನು ಶಿಲುಬೆಗೆ ಹೊಡೆದಾಗ ಆತನಿಗೂ ಕೈಕಾಲು ಅಲ್ಲಾಡಿಸಲು ಆಗಲಿಲ್ಲ, ಸತ್ತ, ಮೂರನೆಯ ದಿನ ಎದ್ದ, ಆತನ ಹತ್ತಿರ ಕೇಳುತ್ತೇನೆ. ನಡುವೆ ಗಂಟಲು ಕಟ್ಟಿತು. ಚಾವಡಿಯಲ್ಲಿ ಕತ್ತರಿಯ ಸದ್ದು ನಿಂತಿತ್ತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಮುಖ ಮಾತ್ರ ನನ್ನ ಕಡೆಗೇ ಇತ್ತು.

"ಬರುವ ಗುರುವಾರ ಅಲ್ಲಿ ನಿಲ್ಲುವಾಗ ನನ್ನ ಹೆಸರನ್ನೂ ಹೇಳಿ ಮಾಸ್ಟ್ರೇ" ಎಂದರು.