ಸರ್ಟಿಫಿಕೇಟ್ ಬೇರೆ, ಸರ್ಟಿಫಿಕೇಶನ್ ಬೇರೆ: ಅಮೆರಿಕದಲ್ಲಿ ರಿಕ್ರಿಯೇಷನಲ್ ಥೆರಪಿ ಓದಹೊರಟವರಿಗೆ

ಕಳೆದ ತಿಂಗಳು ಮುಂಬಯಿಯ ಮಾಟುಂಗದ ಒಂದು ಮದುವೆಯಲ್ಲಿ ಊಟಕ್ಕೆ ನನ್ನ ಪಕ್ಕದಲ್ಲಿ ಕುಳಿತ ಹುಡುಗಿ, “ಅಕ್ಕಾ, ನಾನೂ ನಿಮ್ಮ ಕೋರ್ಸಿಗೇ ಸೇರಿದ್ದೇನೆ, ಅರ್ಧ ಶುಲ್ಕ ಕಟ್ಟಿಯಾಯಿತು” ಎಂದಳು. ಅಮೆರಿಕದ ವಿಶ್ವವಿದ್ಯಾಲಯವೊಂದು ರಿಕ್ರಿಯೇಷನಲ್ ಥೆರಪಿಯಲ್ಲಿ ಕೊಡುವ ಗ್ರಾಜುಯೇಟ್ ಸರ್ಟಿಫಿಕೇಟ್, ಅಂದರೆ ಪದವಿಯ ನಂತರದ ಕಿರು ಕೋರ್ಸು, ಪೂರ್ತಿ ಆನ್‌ಲೈನ್. ನನಗೆ ಊಟ ಸೇರಲಿಲ್ಲ. ಡೊಂಬಿವಲಿಯ ಮನೆಯಲ್ಲಿ ಕುಳಿತು ನಾನು ಮಾಡಿದ ತಪ್ಪೂ ಅದೇ. ಈ ವರ್ಷ ನನ್ನ ಬಳಿಗೆ ಹೀಗೆ ಬಂದವರಲ್ಲಿ ಅವಳು ಮೂರನೆಯವಳು. ಆದ್ದರಿಂದ ಬರೆಯುತ್ತಿದ್ದೇನೆ.

ವೀಸಾ ಸಂದರ್ಶನ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನ ಕಾಗದ ಇವೆಲ್ಲ ನಿಮಗೆ ಗೊತ್ತು. ಆಟ, ಸಂಗೀತ, ತೋಟಗಾರಿಕೆಗಳ ಮೂಲಕ ರೋಗಿ ಕಳೆದುಕೊಂಡ ಶಕ್ತಿಯನ್ನು ಮರಳಿ ಕಟ್ಟುವ ವಿದ್ಯೆ ಇದು ಎಂಬುದೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಇನ್ನೊಂದು.

ಅಲ್ಲಿ ಕೆಲಸ ಕೊಡುವ ಆಸ್ಪತ್ರೆ ಸಾಮಾನ್ಯವಾಗಿ ಕೇಳುವುದು ನಿಮ್ಮ ಸರ್ಟಿಫಿಕೇಟನ್ನಲ್ಲ, ಸಿಟಿಆರ್‌ಎಸ್ ಎಂಬ ವೃತ್ತಿ ಮಾನ್ಯತೆಯನ್ನು. ಅದನ್ನು ಕೊಡುವುದು ವಿಶ್ವವಿದ್ಯಾಲಯವಲ್ಲ. 1981ರಲ್ಲಿ ಹುಟ್ಟಿದ ಎನ್‌ಸಿಟಿಆರ್‌ಸಿ ಎಂಬ ರಾಷ್ಟ್ರೀಯ ಮಂಡಳಿ. ಸರ್ಟಿಫಿಕೇಟ್ ಎಂದರೆ ಕೆಲವು ವಿಷಯಗಳನ್ನು ಓದಿ ಮುಗಿಸಿದ್ದಕ್ಕೆ ಸಿಗುವ ಕಾಗದ. ಸರ್ಟಿಫಿಕೇಶನ್ ಎಂದರೆ ಪದವಿ, ಗೊತ್ತುಮಾಡಿದ ವಿಷಯಗಳು, ಆಸ್ಪತ್ರೆಯ ಅನುಭವ, ಪರೀಕ್ಷೆ ಎಲ್ಲ ಸೇರಿದ ಮೇಲೆ ಬರುವ ಮಾನ್ಯತೆ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಲೂ ಬೇಕು. ಕನ್ನಡದಲ್ಲಿ ಎರಡನ್ನೂ ಪ್ರಮಾಣಪತ್ರ ಎಂದುಬಿಡುತ್ತೇವೆ. ನಾನು ಮೋಸಹೋದದ್ದು ಅಲ್ಲಿಯೇ.

ಹಣ ಮುಳುಗುವುದು ಇಂಟರ್ನ್‌ಶಿಪ್ಪಿನಲ್ಲಿ. ಮಂಡಳಿಯ ಶೈಕ್ಷಣಿಕ ದಾರಿಯಲ್ಲಿ, ಅಂದರೆ ಓದು ಮತ್ತು ಇಂಟರ್ನ್‌ಶಿಪ್ಪಿನ ಮೂಲಕ, ಹೋಗುವವರು ಸತತ 14 ವಾರ, ಕನಿಷ್ಠ 560 ಗಂಟೆ ರೋಗಿಗಳ ನಡುವೆ ಕೆಲಸ ಮಾಡಬೇಕು. ಅದೂ ಯಾರ ಕೈಕೆಳಗೋ ಅಲ್ಲ: ಸಿಟಿಆರ್‌ಎಸ್ ಪಡೆದು ಒಂದು ವರ್ಷವಾದರೂ ಆಗಿರುವ ಮೇಲ್ವಿಚಾರಕರ ಕೈಕೆಳಗೆ. ನನ್ನ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಇರಲೇ ಇಲ್ಲ. ಅದನ್ನು ಮುಂಬಯಿಯಲ್ಲೇ ಮುಗಿಸಿಬಿಡೋಣವೆಂದು ನಾಲ್ಕು ತಿಂಗಳು ಲೋಕಲ್ ರೈಲಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದೆ. ರೋಗಿಗೆ ನಿತ್ಯದ ಕೆಲಸಗಳನ್ನು ಮರಳಿ ಕಲಿಸುವ ಆಕ್ಯುಪೇಷನಲ್ ಥೆರಪಿಯವರಿಗೆ ನಮ್ಮಲ್ಲಿ ಬರವಿಲ್ಲ. 1950ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಆ ವಿದ್ಯೆಯ ಶಾಲೆಯನ್ನು ತೆರೆದ ಊರು ಇದು. ಅವರಲ್ಲಿ ಅನೇಕರು ನನಗಿಂತ ಹತ್ತು ಪಾಲು ಬಲ್ಲವರು. ಆದರೆ ಅವರ ಸಹಿ ಮಂಡಳಿಯ ಲೆಕ್ಕಕ್ಕೆ ಬರುವುದಿಲ್ಲ. ಸಿಟಿಆರ್‌ಎಸ್ ಇರುವ ಒಬ್ಬ ಮೇಲ್ವಿಚಾರಕರೂ ನನಗೆ ಸಿಗಲಿಲ್ಲ. ಬೇರೆ ಪದವಿಯವರಿಗೆ ಕೋರ್ಸುಗಳ ಜೊತೆಗೆ ಸಂಬಳದ ಅನುಭವವನ್ನು ಪರಿಗಣಿಸುವ ಇನ್ನೊಂದು ದಾರಿ ಇದೆ. ಇಲ್ಲಿ ಕುಳಿತವರಿಗೆ ಆ ಅನುಭವವಾದರೂ ಎಲ್ಲಿಂದ ಬರಬೇಕು?

ಹಾಗಾದರೆ ಅಲ್ಲಿಗೇ ಹೋಗಿ ಮಾಡಿದರಾಯಿತು ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಪೂರ್ಣಾವಧಿ ಓದಿನ ಲೆಕ್ಕದಲ್ಲಿ ಒಂದು ಅವಧಿಗೆ ಒಂದೇ ಆನ್‌ಲೈನ್ ತರಗತಿ, ಅಂದರೆ ಮೂರು ಕ್ರೆಡಿಟ್ ಮಾತ್ರ ನಡೆಯುತ್ತದೆ. ಪೂರ್ತಿ ಆನ್‌ಲೈನ್ ಆಗಿರುವ ಕೋರ್ಸಿನ ಮೇಲೆ ಆ ವೀಸಾ ಸಿಗುವುದಿಲ್ಲ. ಕೊನೆಗೆ ಎಲ್ಲವನ್ನೂ ಬಿಟ್ಟು, ನಾರ್ತ್ ಕ್ಯಾರೊಲಿನಾದಲ್ಲಿ ತರಗತಿಗೆ ಹೋಗಿ ಓದುವ, ಇಂಟರ್ನ್‌ಶಿಪ್ ಒಳಗೊಂಡ ಸ್ನಾತಕೋತ್ತರ ಪದವಿಗೆ ಹೊಸದಾಗಿ ಸೇರಿದೆ. ಹಳೆಯ ಕೋರ್ಸಿನಲ್ಲಿ ಎರಡು ವಿಷಯಗಳನ್ನಷ್ಟೇ ಅವರು ಒಪ್ಪಿಕೊಂಡರು. ಒಂದೂವರೆ ವರ್ಷ ಹೋಯಿತು. ಅಮ್ಮ ಬಳೆ ಅಡವಿಟ್ಟು ಕೊಟ್ಟ ಹಣ ಹೋಯಿತು. ಆ ಬಳೆಗಳನ್ನು ಬಿಡಿಸಿಕೊಂಡದ್ದು ಅಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ.

ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಈಗಾಗಲೇ ಅಮೆರಿಕದಲ್ಲಿ ನೆಲೆಸಿ, ಗ್ರೀನ್ ಕಾರ್ಡ್ ಮತ್ತು ಬೇರೊಂದು ಪದವಿ ಇರುವವರಿಗೆ ಇದು ಒಳ್ಳೆಯ ದಾರಿ. ಗಂಡನೊಂದಿಗೆ ಎಚ್-4 ವೀಸಾದಲ್ಲಿ ಹೋದವರಿಗೆ ಓದಲು ಅಡ್ಡಿಯಿಲ್ಲ, ದುಡಿಯಲು ಬೇರೆ ಅನುಮತಿ ಬೇಕು. 14 ವಾರದ ಇಂಟರ್ನ್‌ಶಿಪ್ ಓದಿನಲ್ಲಿ ಸೇರುತ್ತದೆಯೋ ದುಡಿಮೆಯಲ್ಲೋ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ.

ಅಂಗರಚನೆ ಮತ್ತು ಶರೀರಕ್ರಿಯೆ, ಅಸಹಜ ಮನೋವಿಜ್ಞಾನ, ಹುಟ್ಟಿನಿಂದ ಮುಪ್ಪಿನವರೆಗಿನ ಮಾನವ ಬೆಳವಣಿಗೆ ಈ ಮೂರನ್ನೂ ಮಂಡಳಿ ಕೇಳುತ್ತದೆ. ನಮ್ಮ ಮುಂಬಯಿ ಮಕ್ಕಳಲ್ಲಿ ಬಿ.ಕಾಂ. ಮಾಡಿದವರೇ ಹೆಚ್ಚು, ಅವರಿಗೆ ಮೂರೂ ಹೊಸದು, ಮೂರಕ್ಕೂ ಖರ್ಚು. ಯೂಟಾ, ಒಕ್ಲಹೋಮಾ, ನ್ಯೂ ಹ್ಯಾಂಪ್‌ಷೈರ್, ನಾರ್ತ್ ಕ್ಯಾರೊಲಿನಾಗಳಲ್ಲಿ ರಾಜ್ಯದ ಪರವಾನಗಿಯೂ ಬೇಕು.

ಇಷ್ಟು ಕಷ್ಟಪಟ್ಟರೂ ಅವರ ಪದ್ಧತಿಯೇ ಮೇಲೆಂದು ನಾನು ನಂಬಿದ್ದೇನೆ. ಮೊದಲು ರೋಗಿಯನ್ನು ಅಳೆಯಬೇಕು, ಗುರಿ ಬರೆಯಬೇಕು, ಚಟುವಟಿಕೆ ಆರಿಸಬೇಕು, ಕೊನೆಗೆ ಫಲವಾಯಿತೇ ಎಂದು ಮತ್ತೆ ಅಳೆಯಬೇಕು. ಪಾರ್ಶ್ವವಾಯುವಾದ ಅಜ್ಜನೊಬ್ಬ ಎಡಗೈಯಲ್ಲಿ ಇಸ್ಪೀಟು ಹಂಚುತ್ತಿದ್ದರೆ ಅಲ್ಲಿ ಅದು ಹೊತ್ತು ಕಳೆಯುವ ಕೆಲಸವಲ್ಲ; ಎಷ್ಟು ಎಲೆ, ಎಷ್ಟು ನಿಮಿಷ ಎಂಬುದು ಕಡತದಲ್ಲಿರುತ್ತದೆ. ನಮ್ಮ ಅನೇಕ ವೃದ್ಧಾಶ್ರಮಗಳಲ್ಲಿ ಟಿವಿ ಹಾಕಿ ಕೂರಿಸುವುದನ್ನೇ ಮನರಂಜನೆ ಎನ್ನುತ್ತಾರೆ. ಆದರೆ ಚೆನ್ನೆಮಣೆಯ ಮುಂದೆ ಕುಳಿತ ಕರಾವಳಿಯ ಅಜ್ಜಿಯ ಬೆರಳು ಚುರುಕಾಗುವುದನ್ನು, ಎಣಿಕೆ ಮರಳುವುದನ್ನು ನಾನು ಕಂಡದ್ದು ಇಲ್ಲಿಗೆ ಮರಳಿದ ಮೇಲೆ, ಮುಂಬಯಿ ಪಕ್ಕದ ಠಾಣೆ ನಗರದಲ್ಲಿ. ಅಲ್ಲಿನ ಪಠ್ಯದಲ್ಲಿ ಆ ಮಣೆ ಇರಲಿಲ್ಲ.

ಮದುವೆ ಮನೆಯ ಹುಡುಗಿಯಿಂದ ಅಂದು ರಾತ್ರಿಯೇ ವಿಶ್ವವಿದ್ಯಾಲಯಕ್ಕೆ ಮಿಂಚಂಚೆ ಬರೆಸಿದೆ: ಇಂಟರ್ನ್‌ಶಿಪ್ ಕೋರ್ಸಿನೊಳಗಿದೆಯೇ, ಸ್ಥಳವನ್ನು ಹುಡುಕುವವರು ಯಾರು, ಭಾರತದಲ್ಲಿ ಮಾಡಬಹುದೇ, ಇದನ್ನು ಮುಗಿಸಿದವರು ಮಂಡಳಿಯ ಯಾವ ದಾರಿಯಲ್ಲಿ ಅರ್ಜಿ ಹಾಕುತ್ತಾರೆ? ಮೂರು ದಿನಗಳ ನಂತರ ಉತ್ತರ ಬಂತು. ಇಂಟರ್ನ್‌ಶಿಪ್ ಕೋರ್ಸಿನಲ್ಲಿಲ್ಲ, ಬೇಕಾದವರು ತಾವೇ ಹುಡುಕಿಕೊಳ್ಳಬೇಕು. ಎರಡನೆಯ ಕಂತನ್ನು ಅವಳು ಕಟ್ಟಲಿಲ್ಲ. ಮೊದಲ ಕಂತನ್ನು ಹಿಂದಕ್ಕೆ ಪಡೆಯುವ ಗಡುವಿಗೆ ಇನ್ನೂ ಆರು ದಿನ ಉಳಿದಿತ್ತು. ಅರ್ಜಿಯನ್ನು ನಾವಿಬ್ಬರೂ ಕೂತು ಬರೆದೆವು.